ಹುಕ್ಕೇರಿ ತಾಲೂಕಿಗೆ ಮಾತ್ರ

ನಾನು ಅರ್ಜಿ ಬರೆಯುವವನು. ಹುಕ್ಕೇರಿಯ ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಇಪ್ಪತ್ತೆಂಟು ವರ್ಷ ಕೂತಿದ್ದೇನೆ. ಸಂಕೇಶ್ವರದ ಭೂಪಾಲ ಎಲ್ಲಿ ಎಂದು ಕೇಳಿದರೆ ಕಚೇರಿಯ ಜವಾನನಿಂದ ಹಿಡಿದು ಚಹಾದ ಅಂಗಡಿಯವನ ತನಕ ಯಾರಾದರೂ ತೋರಿಸುತ್ತಾರೆ. ಹೊಲದ ಉತಾರ, ವಾರಸಾ ನೋಂದಣಿ, ವಿಧವಾ ವೇತನ, ರೇಷನ್ ಕಾರ್ಡು, ಏನೇ ಇರಲಿ, ಭೂಪಾಲನ ಅರ್ಜಿ ಹಿಂದಕ್ಕೆ ಬರುವುದಿಲ್ಲ ಎಂಬ ಹೆಸರಿತ್ತು. ಆ ಹೆಸರಿನ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು. ಯಾರಾದರೂ ಇನ್ನೊಂದು ಮಾತು ಸೇರಿಸಿರಿ ಎಂದರೆ, ‘ಬರಿಯೂದು ನನ್ನ ಕೆಲಸ, ಸಹಿ ಮಾಡೂದು ನಿನ್ನ ಕೆಲಸ’ ಎಂದು ಗದರಿಸಿ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಹೆಂಡತಿ ಜಿನ್ನವ್ವ, ‘ನಿಮ್ಮ ಸಿಟ್ಟು ಮೂಗಿನ ಮ್ಯಾಲಲ್ಲ, ಬೆರಳಿನ ತುದೀಗೆ ಐತಿ’ ಎನ್ನುತ್ತಿದ್ದಳು.

ಆ ಜಂಬದ ಬೆಲೆ ತೆತ್ತವಳು ನಮ್ಮ ಓಣಿಯ ಮುನೀರಾ. ಅವಳ ಅರ್ಜಿ ನಾನು ಇದನ್ನು ಬರೆಯುತ್ತಿರುವ ಹೊತ್ತಿಗೂ ದಿಲ್ಲಿಯಲ್ಲೇ ಬಿದ್ದಿದೆ. ಮೊದಲ ಸಲ ಬರೆದು ಹದಿನೇಳು ವರ್ಷವಾಯಿತು.

ಸಂಕೇಶ್ವರದಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ನದಾಫರದು. ಹತ್ತಿ ಹಿಂಜಿ ಗಾದಿ ಮಾಡುವವರು. ಮಕ್ತುಮಸಾಬ ಮಾತೇ ಆಡದ ಮನುಷ್ಯ; ಅವನ ಪಾಲಿನ ಮಾತನ್ನೂ ಹೆಂಡತಿ ಮುನೀರಾ ಆಡುತ್ತಿದ್ದಳು. ಅವಳು ಹುಟ್ಟಿದ್ದು ಕರಾಚಿಯಲ್ಲಿ. ಅವಳ ತಂದೆ ಮಾತ್ರ ಸಂಕೇಶ್ವರದವನೇ. ಮುಂಬಯಿ ಬಂದರಿನಲ್ಲಿ ಹಮಾಲಿ ಮಾಡಿಕೊಂಡಿದ್ದವನು ದೇಶ ಒಡೆದ ಮರುವರ್ಷ ಅಣ್ಣನ ಬೆನ್ನು ಹತ್ತಿ ಹಡಗು ಏರಿದ. ಹೋದರೂ ಊರಿನ ಹಂಬಲ ಬಿಡಲಿಲ್ಲ. ಮಗಳನ್ನು ತಂಗಿಯ ಮಗನಿಗೇ ಕೊಡುತ್ತೇನೆ ಎಂದು ಹಟ ಹಿಡಿದು, ಎಂಬತ್ನಾಲ್ಕರಲ್ಲಿ ಕರೆತಂದು, ಮಕ್ತುಮಸಾಬನ ಜೊತೆ ಲಗ್ನ ಮಾಡಿ, ತಾನು ಅಳುತ್ತ ಮರಳಿ ಹೋದ. ಅವಳಿಗೆ ಆಗ ಇಪ್ಪತ್ತು ವರ್ಷ.

ಬಂದಾಗ ಅವಳಿಗೆ ಕನ್ನಡದ ಗಂಧವಿರಲಿಲ್ಲ. ವರ್ಷ ಕಳೆಯುವುದರೊಳಗೆ ಓಣಿಯ ನಳದ ಮುಂದೆ ಕನ್ನಡದಲ್ಲಿ ಜಗಳಾಡಿ ಮೊದಲ ಕೊಡ ತುಂಬಿಸಿಕೊಳ್ಳುವಷ್ಟು ಕಲಿತಳು. ಹತ್ತಿಯವರ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಅವಳು ಹೊಲಿದ ಗಾದಿಯಲ್ಲಿ ಗಂಟು ಕಟ್ಟುವುದಿಲ್ಲ ಎಂದು ನಿಪ್ಪಾಣಿಯಿಂದಲೂ ಜನ ಬರುತ್ತಿದ್ದರು. ಜಿನ್ನವ್ವನಿಗೂ ಅವಳಿಗೂ ಗಟ್ಟಿ ಗೆಳೆತನ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ; ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಕೂಡ ಒಳಗೆ ಬರುವುದಿಲ್ಲ, ಅವರ ಮನೆಯ ಅಡಿಗೆಯನ್ನು ಜಿನ್ನವ್ವ ಮುಟ್ಟುವಂತಿರಲಿಲ್ಲ. ಮುನೀರಾ ಬೇಸರ ಮಾಡಿಕೊಳ್ಳದೆ ಹಬ್ಬಕ್ಕೆ ಬೇಯಿಸದ್ದನ್ನೇ ತರುತ್ತಿದ್ದಳು: ಪೇರಲಕಾಯಿ, ಖರ್ಜೂರ, ಒಂದು ತಟ್ಟೆ ಬೆಲ್ಲ.

ಅವಳ ಹಸಿರು ಪಾಸ್‌ಪೋರ್ಟಿನ ಜೊತೆಗಿದ್ದ ವೀಸಾ ಕಾಗದ ಓದಿ ಹೇಳಿದವನು ನಾನೇ. ವರ್ಷಕ್ಕೊಮ್ಮೆ ಅದನ್ನು ಮುಂದುವರಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಪೊಲೀಸ್ ಠಾಣೆಗೆ ಹೋಗಿ ಸಹಿ ಮಾಡಬೇಕು. ವಾಸ ಹುಕ್ಕೇರಿ ತಾಲೂಕಿಗೆ ಮಾತ್ರ. ಮೇಲಿನವರ ಅಪ್ಪಣೆ ಇಲ್ಲದೆ ತಾಲೂಕು ದಾಟುವಂತಿಲ್ಲ.

‘ಅಣ್ಣಾರ, ತಾಲೂಕ ಅಂದ್ರ ಎಷ್ಟ ದೊಡ್ಡದಿರತೈತ್ರಿ?’ ಎಂದು ಕೇಳಿದಳು.

‘ನಿನ್ನ ಕರಾಚಿಗಿಂತ ದೊಡ್ಡದು’ ಎಂದೆ, ಬಾಯಿಗೆ ಬಂದಂತೆ.

‘ಹಂಗಾದ್ರ ಸಾಕ್ ಬಿಡ್ರಿ. ನನಗೆಲ್ಲಿ ಹೋಗೂದೈತಿ’ ಎಂದು ನಕ್ಕಳು.

ಇಲ್ಲಿನವನನ್ನು ಮದುವೆಯಾಗಿ ಇಷ್ಟು ವರ್ಷ ಇದ್ದವಳು ಭಾರತದ ಪೌರತ್ವ ಕೇಳಬಹುದು ಎಂದು ತಿಳಿದದ್ದು ತೊಂಬತ್ತೊಂದರಲ್ಲಿ. ಅಚ್ಚಾದ ಫಾರ್ಮು ತರಿಸಿದೆ. ತುಂಬಿದ್ದಾಯಿತು. ಬರಿಯ ಫಾರ್ಮು ಹೋದರೆ ತೂಕವಿರುವುದಿಲ್ಲ, ಜೊತೆಗೆ ನಮ್ಮದೊಂದು ವಿನಂತಿ ಪತ್ರವೂ ಇರಲಿ ಎಂದು ನಾನೇ ಹೇಳಿದೆ. ಯಾರೂ ಕೇಳಿರದ ಪತ್ರ ಅದು.

ನಮ್ಮ ಜಿಲ್ಲೆಯ ಅರ್ಜಿಗಳಿಗೆ ಒಂದು ಮೊದಲ ಸಾಲಿದೆ. ‘ಮಾನ್ಯರಲ್ಲಿ ವಿನಂತಿ, ಕೆಳಗೆ ಸಹಿ ಮಾಡಿದ ನಾನು ಸದರಿ ಊರಿನ ಖಾಯಂ ರಹಿವಾಸಿ ಇದ್ದು...’ ಎಮ್ಮೆ ಸತ್ತ ಪರಿಹಾರ ಕೇಳಲಿ, ಬೋರಿಗೆ ಕರೆಂಟು ಕೇಳಲಿ, ಮನುಷ್ಯ ಮೊದಲು ಖಾಯಂ ರಹಿವಾಸಿ ಆಗಲೇಬೇಕು. ಖಾಯಂ ಇಲ್ಲದವನ ಮಾತನ್ನು ಯಾವ ಸಾಹೇಬ ಕೇಳುತ್ತಾನೆ? ನನ್ನ ಬೆರಳುಗಳು ಆ ಸಾಲನ್ನು ನನ್ನ ಕೇಳದೆಯೇ ಹೊಡೆಯುತ್ತಿದ್ದವು. ಅಂದೂ ಹೊಡೆದವು.

ಪತ್ರ ಓದಿ ಹೇಳಿದೆ. ಮುನೀರಾ ಮೊದಲ ಸಾಲಿಗೇ ತಡೆದಳು.

‘ಅಣ್ಣಾರ, ಖಾಯಂ ಅಂತ ಬರದೀರಿ. ನಾ ಖಾಯಂ ಆಗಬೇಕು ಅಂತನ ಈ ಅರ್ಜಿ ಅಲ್ಲೇನ್ರಿ?’

ಅವಳು ಕೇಳಿದ್ದು ಹೀಗೆ, ಇಷ್ಟೇ ಸರಳವಾಗಿ. ನಾಲ್ಕು ಜನ ಕಕ್ಷಿದಾರರು ಸುತ್ತ ನಿಂತಿದ್ದರು. ಅವರ ಮುಂದೆ ಗಾದಿ ಹೊಲಿಯುವ ಹೆಣ್ಣುಮಗಳೊಬ್ಬಳು ನನ್ನ ಅರ್ಜಿಯಲ್ಲಿ ತಪ್ಪು ತೆಗೆಯುವುದೆಂದರೇನು? ‘ನೀ ಗಾದಿ ಹೊಲಿಯೂದು ನಾ ಹೇಳಿಕೊಡ್ತೇನೇನು? ಸುಮ್ಮನ ಸಹಿ ಮಾಡು’ ಎಂದೆ. ಅವಳು ಸುಮ್ಮನೆ ಸಹಿ ಮಾಡಿದಳು.

ಎರಡೂವರೆ ವರ್ಷದ ಮೇಲೆ ಅರ್ಜಿ ಹಿಂದಕ್ಕೆ ಬಂತು. ವೀಸಾದ ಮೇಲೆ ಇರುವ ಪರದೇಶದ ಹೆಂಗಸು ತಾನು ಈ ಊರಿನ ಖಾಯಂ ನಿವಾಸಿ ಎಂದು ತಪ್ಪು ಹೇಳಿಕೆ ಕೊಟ್ಟಿದ್ದಾಳೆ, ಹಾಗೆ ಹೇಳಿಕೊಳ್ಳಲು ಯಾವ ದಾಖಲೆ ಸೃಷ್ಟಿಸಿದ್ದಾಳೆ, ವಿಚಾರಣೆಯಾಗಬೇಕು ಎಂದು ಬರೆದಿದ್ದರು. ಆ ಸಾಲು ಹೊಡೆದವನು ನಾನು. ವಿವರಣೆ ಕೊಟ್ಟೆವು, ಪ್ರಮಾಣಪತ್ರ ಮಾಡಿಸಿದೆವು. ಪೊಲೀಸರು ಮತ್ತೆ ಮೊದಲಿನಿಂದ ಓಣಿಯ ತುಂಬ ಕೇಳಿಕೊಂಡು ಹೋದರು. ಎಲ್ಲ ಸರಿಯಾಗಿ, ಹೊಸ ಅರ್ಜಿ ಜಿಲ್ಲೆ ದಾಟಿ, ಬೆಂಗಳೂರು ದಾಟಿ ದಿಲ್ಲಿ ಮುಟ್ಟುವ ಹೊತ್ತಿಗೆ ತೊಂಬತ್ತೊಂಬತ್ತರ ಬೇಸಿಗೆ. ನಮಗಿಂತ ವರ್ಷ ತಡವಾಗಿ ಅರ್ಜಿ ಹಾಕಿದ್ದ ನಿಪ್ಪಾಣಿ ಕಡೆಯ ಒಬ್ಬಳಿಗೆ ತೊಂಬತ್ತಾರರಲ್ಲೇ ಪೌರತ್ವ ಬಂದಿತ್ತು. ಅವಳು ಪೇಢೆ ಹಂಚಿದ್ದಳಂತೆ. ಮುನೀರಾ ಅದನ್ನು ನನಗೆ ಹೇಳಲಿಲ್ಲ, ಜಿನ್ನವ್ವನಿಗೆ ಹೇಳಿದಳು.

ಆ ಬೇಸಿಗೆಯಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು. ದೀಪಾವಳಿಯ ಹೊತ್ತಿಗೆ ನಮಗೆ ಒಂದೇ ಸಾಲಿನ ಉತ್ತರ: ‘ಸರಕಾರದ ಧೋರಣೆ ತೀರ್ಮಾನವಾಗುವ ತನಕ ಈ ಬಗೆಯ ಅರ್ಜಿಗಳನ್ನು ತಡೆಹಿಡಿಯಲಾಗಿದೆ.’

‘ಅಂದ್ರ ಇಲ್ಲ ಅಂದಂಗೇನ್ರಿ?’ ಎಂದಳು.

‘ಇಲ್ಲ ಅಂದಿಲ್ಲ. ತಡೀರಿ ಅಂದಾರ.’

‘ಎಷ್ಟ ದಿನಾ ತಡೀಬೇಕು ಬರದಾರೇನ್ರಿ?’

ಬರೆದಿರಲಿಲ್ಲ.

ಮರುವರ್ಷ ಅವಳ ಒಬ್ಬಳೇ ಮಗಳು ರುಬೀನಾಳ ಲಗ್ನ ಕೂಡಿಬಂತು. ವರ ನೋಡಿದವನೂ ನಾನೇ. ಕೊಣ್ಣೂರಿನ ಹುಡುಗ ಇಮ್ತಿಯಾಜ್, ಟಂಟಂ ರಿಕ್ಷಾ ಓಡಿಸುತ್ತಿದ್ದ, ಕುಡಿತವಿಲ್ಲ, ಮನೆಯಲ್ಲಿ ಅತ್ತೆಯೊಬ್ಬಳೇ. ಸಂಕೇಶ್ವರದಿಂದ ಬಸ್ ಹತ್ತಿದರೆ ಹುಕ್ಕೇರಿ, ಘಟಪ್ರಭಾ, ಆಮೇಲೆ ಕೊಣ್ಣೂರ. ಒಂದೂವರೆ ತಾಸಿನ ದಾರಿ. ಮಧ್ಯಾಹ್ನ ಹೋಗಿ ಸಂಜೆಗೆ ಮರಳಬಹುದು. ಹೆಣ್ಣು ಕೊಡುವಾಗ ಮನೆತನ ನೋಡಿದೆವು, ಹುಡುಗನ ಗುಣ ನೋಡಿದೆವು, ದೂರ ನೋಡಿದೆವು. ತಾಲೂಕು ನೋಡಲಿಲ್ಲ. ತಾಲೂಕು ನೋಡಿ ಯಾರು ಹೆಣ್ಣು ಕೊಡುತ್ತಾರೆ ನಮ್ಮ ಕಡೆ?

ಅದು ಹೊಳೆದದ್ದು ಠಾಣೆಯ ಹವಾಲ್ದಾರ ಖಂಡೆಪ್ಪನಿಗೆ. ತಿಂಗಳ ಸಹಿಗೆ ನನ್ನ ಜೊತೆ ಹೋದಾಗ ಮುನೀರಾ ಅವನಿಗೂ ಲಗ್ನದ ಕಾರ್ಡು ಕೊಟ್ಟಳು. ಹದಿನಾರು ವರ್ಷದ ಪರಿಚಯ, ಅವನು ಮನೆಯವನ ಹಾಗೇ ಆಗಿದ್ದ. ಕಾರ್ಡು ಓದಿ ನನ್ನ ಮುಖ ನೋಡಿದ.

‘ಅಣ್ಣಾರ, ಕೊಣ್ಣೂರ ಗೋಕಾಕ ತಾಲೂಕಲ್ಲೇನ್ರಿ?’

ಮುನೀರಾ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಅಲ್ಲಿದ್ದ ಬೆಂಚಿನ ಮೇಲೆ ಮೆಲ್ಲಗೆ ಕೂತಳು. ಅರ್ಜಿ ಬರೆಯುವವನಾಗಿ ನನಗೆ ನಾಚಿಕೆಯಾಯಿತು. ತಾಲೂಕು ಕಚೇರಿಯ ಎದುರೇ ಕೂತು ತಿನ್ನುವವನು ನಾನು.

ಲಗ್ನ ಸಂಕೇಶ್ವರದಲ್ಲೇ ಆಯಿತು. ಆದರೆ ಮಗಳನ್ನು ಗಂಡನ ಮನೆಗೆ ಬಿಟ್ಟು ಬರಲು ಹೆಣ್ಣಿನ ಕಡೆಯ ಹೆಂಗಸರು ಹೋಗಬೇಕಲ್ಲ. ಒಂದು ದಿನದ ಅಪ್ಪಣೆ ಕೇಳಿ ಖಂಡೆಪ್ಪ ಹೇಳಿದ ದಿನವೇ ಬರೆದಿದ್ದೆ, ಉತ್ತರವಿರಲಿಲ್ಲ. ತಾಯಿಯ ಜಾಗದಲ್ಲಿ ನಮ್ಮ ಜಿನ್ನವ್ವ ಹೋದಳು. ಚಪಾತಿ, ಚಟ್ನಿ ಕಟ್ಟಿಕೊಂಡು ಹೋಗಿ, ಹೊತ್ತು ಮುಳುಗುವುದರೊಳಗೆ ಬೀಗರ ಕಟ್ಟೆಯ ಮೇಲೆ ಒಬ್ಬಳೇ ಕೂತು ಉಂಡು, ಆಮೇಲೆ ಹುಡುಗಿಯ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ಬಂದಳು. ಬಂದವಳನ್ನು ಮುನೀರಾ ಬಿಡಲಿಲ್ಲ. ಮೆಟ್ಟಿಲು ಎಷ್ಟು, ಒಲೆ ಯಾವ ದಿಕ್ಕಿಗೆ, ಬಚ್ಚಲಿಗೆ ಬಾಗಿಲಿದೆಯೋ ಪರದೆಯೋ, ಎಲ್ಲ ಕೇಳಿದಳು. ಮರುದಿನ ಬಂದು ಮತ್ತೆ ಅದನ್ನೇ ಕೇಳಿದಳು. ರುಬೀನಾ ಎರಡು ತಿಂಗಳಿಗೊಮ್ಮೆ ತವರಿಗೆ ಬರುತ್ತಿದ್ದಳು, ಇಲ್ಲೇ ಹುಟ್ಟಿದ ಅವಳಿಗೇನೂ ತಡೆಯಿಲ್ಲ. ಮಗಳು ಬಾಳುವ ಮನೆ ಮಾತ್ರ ತಾಯಿಗೆ ಕಿವಿಯಿಂದ ಕೇಳಿದ ಮನೆಯಾಗಿಯೇ ಉಳಿಯಿತು.

ನನಗೆ ಹಟ ಹುಟ್ಟಿತು. ಮುನೀರಾ, ಮಕ್ತುಮಸಾಬ ಇಬ್ಬರನ್ನೂ ಕರೆದುಕೊಂಡು ನಾನೇ ಬೆಂಗಳೂರಿಗೆ ಹೋಗಬೇಕೆಂದಿದ್ದೆ, ಅವಳು ತಾಲೂಕು ದಾಟುವಂತಿಲ್ಲ ಎಂಬುದು ಆಮೇಲೆ ನೆನಪಾಯಿತು. ನಾವು ಗಂಡಸರಿಬ್ಬರೇ ಹೋದೆವು. ಅಲ್ಲಿನ ದೊಡ್ಡ ಕಚೇರಿಯಲ್ಲಿ ಮೂರು ದಿನ ಬಾಗಿಲು ಬಾಗಿಲು ತಿರುಗಿದ ಮೇಲೆ ಒಬ್ಬ ಅಧಿಕಾರಿ ಕೂರಿಸಿ ಮಾತಾಡಿದರು. ಒಳ್ಳೆಯ ಮನುಷ್ಯ. ನೀರು ಕೊಟ್ಟರು.

‘ನೋಡಿ, ನಿಮ್ಮ ಅರ್ಜಿ ತಿರಸ್ಕಾರ ಆಗಿದ್ದಿದ್ದರೆ ಮೇಲ್ಮನವಿ ಮಾಡಬಹುದಿತ್ತು. ಆಗಿಲ್ಲ. ನಿಂತಿದೆ ಅಷ್ಟೆ. ನಿಂತಿರೋದರ ಮೇಲೆ ಮೇಲ್ಮನವಿ ಇಲ್ಲ’ ಎಂದರು.

‘ಹಂಗಾರ ತಿರಸ್ಕಾರನ ಮಾಡ್ರಿ ಸಾಹೇಬರ’ ಎಂದೆ, ಸಿಟ್ಟು ತಡೆಯದೆ.

‘ಅದಕ್ಕೂ ನನಗೆ ಅಧಿಕಾರ ಇಲ್ಲ’ ಎಂದರು. ಸುಳ್ಳು ಹೇಳುತ್ತಿರಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ಬೈಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ರಾಜ್ಯದವರು, ದಿಲ್ಲಿಯವರು, ಎಲ್ಲರಿಗೂ ಬರೆದೆ. ಲೋಕಸಭೆಯ ಸದಸ್ಯರ ಪತ್ರವನ್ನೂ ಹಚ್ಚಿದೆ. ಬಂದ ಉತ್ತರಗಳೆಲ್ಲ ಒಂದೇ ಅಚ್ಚಿನವು. ಲಗ್ನದ ಮರುವರ್ಷದ ಕೊನೆಗೆ ದಿಲ್ಲಿಯಲ್ಲಿ ಪಾರ್ಲಿಮೆಂಟಿನ ಮೇಲೆ ದಾಳಿಯಾಯಿತು. ಆಮೇಲೆ ಉತ್ತರ ಬರುವುದೂ ನಿಂತಿತು. ಮುನೀರಾ ತಿಂಗಳಿಗೊಮ್ಮೆ ಮಾಡುತ್ತಿದ್ದ ಸಹಿ ವಾರಕ್ಕೊಮ್ಮೆಯಾಯಿತು.

ಕೊನೆಗೆ ನನ್ನ ಅಕ್ಕನ ಮಗ ಧನ್ಯಕುಮಾರ ದಾರಿ ತೋರಿಸಿದ. ಬೆಂಗಳೂರಿನ ಹೈಕೋರ್ಟಿನಲ್ಲಿ ವಕೀಲ. ಹಬ್ಬಕ್ಕೆ ಊರಿಗೆ ಬಂದಾಗ ಕಾಗದವನ್ನೆಲ್ಲ ಓದಿ, ರಿಟ್ ಅರ್ಜಿ ಹಾಕೋಣ ಎಂದ. ಮುನೀರಾ ನಮ್ಮ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು ಕೇಳಿದಳು.

‘ಹೂಂ ಅನ್ರಿ ಅಂತ ನಾವು ಕೇಳೂದಿಲ್ಲ ಮಾವಶಿ’ ಎಂದು ಧನ್ಯಕುಮಾರ ಬಿಡಿಸಿ ಹೇಳಿದ. ‘ಹೂಂ ಆದ್ರೂ ಅನ್ರಿ, ಇಲ್ಲ ಆದ್ರೂ ಅನ್ರಿ, ಏನರ ಒಂದು ಹೇಳ್ರಿ ಅಂತ ಕೋರ್ಟಿನಿಂದ ಸರಕಾರಕ್ಕ ಹೇಳಿಸೂದು.’

‘ಇಲ್ಲ ಅಂದ್ರ?’

ಧನ್ಯಕುಮಾರ ಕನ್ನಡಕ ಒರೆಸಿಕೊಂಡ. ಮತ್ತೆ ಹೇಳಿದ್ದು ಒಂದೇ ಮಾತು: ಕೇಸು ಮುಗಿಯುವ ತನಕ ಒಂದು ಸಣ್ಣ ತಪ್ಪೂ ಆಗಬಾರದು. ವಾರದ ಸಹಿ ತಪ್ಪಬಾರದು, ತಾಲೂಕು ದಾಟಬಾರದು. ಬೇರೆ ಜಿಲ್ಲೆಯಲ್ಲಿ ಹೀಗೇ ಅಪ್ಪಣೆಯಿಲ್ಲದೆ ತಮ್ಮನ ಲಗ್ನಕ್ಕೆ ಹೋದ ಒಬ್ಬಳಿಗೆ ದೇಶ ಬಿಟ್ಟು ಹೋಗು ಎಂದು ನೋಟೀಸು ಕೊಟ್ಟಿದ್ದಾರೆ ಎಂದ. ಅವನು ಅದನ್ನು ಹೇಳಿ ಮರೆತ. ನಾನು ಮರೆಯಲಿಲ್ಲ. ಅಂದಿನಿಂದ ಮುನೀರಾಳ ಕಾವಲಿಗೆ ಪೊಲೀಸರೇ ಬೇಕಿರಲಿಲ್ಲ, ನಾನೇ ಸಾಕಾಗಿದ್ದೆ.

ಎರಡು ಸಾವಿರದ ಮೂರನೆಯ ಇಸವಿಯಲ್ಲಿ ರುಬೀನಾ ಬಸುರಿ. ಮೂರು ವರ್ಷದ ಮೇಲೆ ನಿಂತ ಬಸುರು. ಏಳು ತುಂಬಿದ ಮೇಲೆ ಶುಕ್ರವಾರ ನೋಡಿ ಹೆರಿಗೆಗೆ ಕರೆತರುವುದೆಂದು ನಿಶ್ಚಯವಾಗಿತ್ತು. ಮುನೀರಾ ಹೊಸ ಅರಳೆ ಹಿಂಜಿ ಕೂಸಿಗೆ ಸಣ್ಣ ಗಾದಿ ಹೊಲಿಯುತ್ತಿದ್ದಳು. ರಿಟ್ ಅರ್ಜಿಯ ವಿಚಾರಣೆಗೂ ಒಂದೂವರೆ ವರ್ಷದ ಮೇಲೆ ದಿನ ಸಿಕ್ಕಿತ್ತು, ಜುಲೈ ತಿಂಗಳ ನಡುವಿನ ಮಂಗಳವಾರ. ಈ ಸಲ ಒಂದು ನಿರ್ಣಯ ಆಗಿಯೇ ತೀರುತ್ತದೆ ಎಂದು ಧನ್ಯಕುಮಾರ ಹೇಳಿದ್ದ. ಎರಡೂ ಶುಭ ಸಂಗತಿ ಒಟ್ಟಿಗೇ ಬರುತ್ತಿವೆ ಎಂದು ನಾನೇ ಓಣಿಯಲ್ಲಿ ಹೇಳಿಕೊಂಡು ತಿರುಗಿದೆ.

ಆ ಮಂಗಳವಾರಕ್ಕೆ ಮೂರು ದಿನ ಮೊದಲು, ಶನಿವಾರ ಬೆಳಗ್ಗೆ, ಇಮ್ತಿಯಾಜ್ ಫೋನು ಮಾಡಿದ. ರುಬೀನಾಳ ಕೈಕಾಲು ಬಾತಿವೆ, ರಕ್ತದ ಒತ್ತಡ ಏರಿ ಫಿಟ್ಸ್ ಬಂದಿದೆ, ಗೋಕಾಕದ ಆಸ್ಪತ್ರೆಗೆ ತಂದಿದ್ದೇವೆ, ಅವ್ವನನ್ನು ಕರೆಯುತ್ತಿದ್ದಾಳೆ. ಮಕ್ತುಮಸಾಬ ಇದ್ದ ಅಂಗಿಯಲ್ಲೇ ಬಸ್ ಹತ್ತಿದ. ಮುನೀರಾ ಚಪ್ಪಲಿ ಮೆಟ್ಟಿಕೊಂಡು ಹೊರಟವಳನ್ನು ನಾನು ಬಸ್ ಸ್ಟ್ಯಾಂಡಿಗೆ ಬಿಡಲಿಲ್ಲ, ಠಾಣೆಗೆ ಕರೆದೊಯ್ದೆ.

ಖಂಡೆಪ್ಪ ಎಲ್ಲ ಕೇಳಿ ರಿಜಿಸ್ಟರು ಮುಚ್ಚಿದ. ‘ಹೋಗಿ ಬರ್ಲಿ ಬಿಡ್ರಿ ಅಣ್ಣಾರ. ಗಾಡಿ ಹತ್ತಿದ್ದು ನಾ ನೋಡಿಲ್ಲ, ಇಳದದ್ದೂ ನೋಡೂದಿಲ್ಲ.’

ಪೊಲೀಸನೇ ಬಾಯಿ ಬಿಟ್ಟು ಹೋಗು ಎಂದ. ಬೇಡ ಎಂದವನು ನಾನು.

‘ನೀವು ನೋಡೂದಿಲ್ರಿ, ಖರೆ. ಗೋಕಾಕದಾಗ ಯಾರರ ನೋಡಿ ಬರದ್ರ? ಮಂಗಳವಾರ ಕೇಸ್ ಐತಿ. ಸರಕಾರದ ವಕೀಲ ಅದನ್ನ ಕಾಯಕೋತ ಕುಂತಿರ್ತಾನ’ ಎಂದೆ. ಅವಳ ಕಡೆ ತಿರುಗಿದೆ. ‘ಹನ್ನೆರಡು ವರ್ಷದ್ದು ಒಂದು ದಿನದಾಗ ಹಾಳ ಮಾಡ್ಕೋಬ್ಯಾಡ ತಂಗೆವ್ವಾ. ಡಾಕ್ಟರ ಅದಾರ, ನಿನ್ನ ಗಂಡ ಹೋಗ್ಯಾನ. ನಾ ಈಗ ಬೆಳಗಾವಿಗೆ ಹೋಗಿ ಅಪ್ಪಣಿ ತಗೊಂಡ ಬರ್ತೇನಿ. ಸಂಜೀಕ ನಾನ ನಿನ್ನ ಗೋಕಾಕಕ್ಕ ಕರಕೊಂಡ ಹೋಗ್ತೇನಿ.’

ಅವಳ ಕಣ್ಣು ಬಾಗಿಲಾಚೆ ರಸ್ತೆಯಲ್ಲಿತ್ತು. ‘ನೀವು ತಿಳದವರು. ನೀವು ಹೇಳಿದಂಗ ಆಗ್ಲಿ ಅಣ್ಣಾರ’ ಎಂದಳು.

ನಿಂತ ನಿಲುವಿನಲ್ಲೇ ಅರ್ಜಿ ಹೊಡೆದೆ. ಕಾಯಿಲೆ ಬಿದ್ದ ಮಗಳನ್ನು ನೋಡಲು ಮೂರು ದಿನದ ಅಪ್ಪಣೆ. ಅಷ್ಟು ಚಿಕ್ಕ, ಅಷ್ಟು ಚೊಕ್ಕ ಅರ್ಜಿ ನಾನು ಜನ್ಮದಲ್ಲಿ ಬರೆದಿರಲಿಲ್ಲ. ಮಳೆಯಲ್ಲಿ ಬೆಳಗಾವಿ ಮುಟ್ಟಿ ಕಚೇರಿಯ ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಬೀಗ. ಅಂದು ತಿಂಗಳ ಎರಡನೆಯ ಶನಿವಾರ. ಸರಕಾರಿ ರಜೆಯ ದಿನ ಯಾವುದೆಂದು ಇಡೀ ತಾಲೂಕಿಗೆ ಹೇಳುವವನು ನಾನು. ಮೆಟ್ಟಿಲ ಮೇಲೆ ಕೂತು ತಲೆ ತಲೆ ಬಡಿದುಕೊಂಡೆ. ಕಾವಲಿನವನು ಕಾಗದ ತೆಗೆದುಕೊಂಡು, ಸೋಮವಾರ ಸಾಹೇಬರ ಟೇಬಲ್ಲಿಗೆ ಇಡುತ್ತೇನೆ ಎಂದ.

ಸಂಜೆ ಮರಳಿದಾಗ ಮುನೀರಾ ಅವರ ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದಳು. ನನ್ನ ಮುಖ ನೋಡಿ ಏನನ್ನೂ ಕೇಳದೆ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಭಾನುವಾರ ಹನ್ನೊಂದಕ್ಕೆ ಹೆಣ್ಣು ಕೂಸು ಹುಟ್ಟಿತು. ಹನ್ನೆರಡೂವರೆಗೆ ರುಬೀನಾ ತೀರಿಕೊಂಡಳು.

ಸಂಜೆಯ ನಮಾಜಿಗೆ ಮೊದಲು ಕೊಣ್ಣೂರಿನಲ್ಲಿ ಮಣ್ಣು ಮಾಡುತ್ತೇವೆ ಎಂದು ಫೋನು ಬಂತು. ಮುನೀರಾ ಅಳಲಿಲ್ಲ. ಎದ್ದು ನೇರ ಬಸ್ ಸ್ಟ್ಯಾಂಡಿಗೆ ನಡೆದಳು. ಈ ಸಲ ನಾನು ತಡೆಯಲಿಲ್ಲ. ಜಿನ್ನವ್ವ ಅವಳ ಕೈ ಹಿಡಿದುಕೊಂಡು, ನಾನು ಹಿಂದೆ, ಮೂವರೂ ಗೋಕಾಕ ಬಸ್ ಹತ್ತಿದೆವು. ಹಾಳಾಗಿ ಹೋಗಲಿ ಕೇಸು ಎಂದು ನಾನು ಬಾಯಿ ಬಿಟ್ಟೇ ಅಂದೆ. ಹುಕ್ಕೇರಿಯಲ್ಲಿ ಬಸ್ ನಿಂತಿತು. ಮುನೀರಾ ಎದ್ದು ನಿಂತಳು.

‘ಯಾಕವ್ವಾ?’ ಎಂದಳು ಜಿನ್ನವ್ವ.

‘ಅಕಿ ಹೋದ್ಳು. ಕೂಸು ಐತಿ’ ಎಂದಳು ಮುನೀರಾ. ‘ನನ್ನ ಹಿಡದು ಕರಾಚಿಗೆ ಕಳಿಸಿದ್ರ ಕೂಸಿಗೆ ನಮ್ಮ ಕಡಿಯವರು ಯಾರದಾರ?’

ಇಳಿದುಬಿಟ್ಟಳು. ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಬಸ್ಸು ಹೋದ ದಿಕ್ಕಿಗೆ ಮುಖ ಮಾಡಿ, ಕತ್ತಲಾಗುವ ತನಕ ಕೂತಳು. ಜಿನ್ನವ್ವ ಅವಳ ಪಕ್ಕದಲ್ಲಿದ್ದಳು. ಹೊತ್ತು ಮುಳುಗಿತು, ಜಿನ್ನವ್ವನ ಊಟದ ಹೊತ್ತು ಮೀರಿತು. ನನಗೆ ಹತ್ತಿರ ಹೋಗುವ ಮುಖವಿರಲಿಲ್ಲ. ಶನಿವಾರ ಅವಳನ್ನು ಬಿಟ್ಟಿದ್ದರೆ ಒಂದು ರಾತ್ರಿ, ಒಂದು ಬೆಳಗು ಮಗಳ ತಲೆ ತೊಡೆಯ ಮೇಲಿರುತ್ತಿತ್ತು. ಅದನ್ನು ನಾನು ತಪ್ಪಿಸಿದೆ. ಇದನ್ನು ಯಾವ ಭಾಷೆಯಲ್ಲಿ, ಯಾವ ಸಾಹೇಬನಿಗೆ ವಿನಂತಿ ಮಾಡಿ ಬರೆದರೂ ತಿದ್ದಲಾಗುವುದಿಲ್ಲ.

ಮಂಗಳವಾರ ಸರಕಾರದ ವಕೀಲರು ಕಾಲಾವಕಾಶ ಕೇಳಿದರು. ನಾಲ್ಕು ವಾರ ಮುಂದೆ ಹಾಕಿದರು. ಎರಡು ನಿಮಿಷದ ಕೆಲಸ ಎಂದು ಧನ್ಯಕುಮಾರ ಫೋನಿನಲ್ಲಿ ಹೇಳಿದ. ಅವನಿಗೆ ಇನ್ನೂ ಸುದ್ದಿ ಗೊತ್ತಿರಲಿಲ್ಲ, ‘ಮಾವಶಿಗೆ ಧೈರ್ಯ ಹೇಳ್ರಿ’ ಎಂದ.

ಹನ್ನೆರಡನೆಯ ದಿನ ಅಪ್ಪಣೆ ಬಂತು. ಶನಿವಾರದ ನನ್ನ ಅರ್ಜಿಯ ಮೇಲೆ ಯಾರೋ ಪುಣ್ಯಾತ್ಮರು ಕನಿಕರಪಟ್ಟು, ಎರಡು ತಿಂಗಳ ಕೆಲಸವನ್ನು ಹತ್ತು ದಿನದಲ್ಲಿ ಮಾಡಿದ್ದರು. ‘ಕಾಯಿಲೆ ಬಿದ್ದ ಮಗಳನ್ನು ನೋಡುವ ಸಲುವಾಗಿ ಗೋಕಾಕ ತಾಲೂಕಿನ ಕೊಣ್ಣೂರಿಗೆ ಮೂರು ದಿನ. ದಿನಕ್ಕೊಮ್ಮೆ ಅಲ್ಲಿನ ಠಾಣೆಯಲ್ಲಿ ಹಾಜರಿ ಕೊಡತಕ್ಕದ್ದು. ಬೇರೆ ಉದ್ದೇಶಕ್ಕೆ ಈ ಅಪ್ಪಣೆ ಬಳಸತಕ್ಕದ್ದಲ್ಲ.’

ಕಾಗದ ಹಿಡಿದು ಖಂಡೆಪ್ಪನ ಬಳಿ ಹೋದೆ. ಕಾರಣ ಬದಲಾಗಿದೆ, ತಿದ್ದಿಸಲು ಹಿಂದಕ್ಕೆ ಕಳಿಸಬೇಕೇ ಎಂದು ಕೇಳಿದೆ. ಹಳೆಯ ಚಾಳಿ.

‘ತಿದ್ದಾಕ ಕಳಿಸಿದ್ರ ಇನ್ನ ಮುಂದಿನ ವರ್ಷ ಬರ್ತೈತ್ರಿ ಅಣ್ಣಾರ. ಇದ್ದದ್ದರಾಗ ಹೋಗಿ ಬರ್ರಿ. ಕೂಸಿನ ಮುಖಾ ನೋಡ್ಲಿ’ ಎಂದ. ‘ಅಲ್ಲಿ ಠಾಣೇದಾಗ ಮಾತ್ರ ಕಾಗದದಾಗ ಏನೈತಿ ಅಷ್ಟ ಹೇಳ್ರಿ. ಒಂದು ಅಕ್ಷರ ಹೆಚ್ಚಿಗಿ ಬ್ಯಾಡ.’

ಹೀಗೆ ಹತ್ತೊಂಬತ್ತು ವರ್ಷದ ಮೇಲೆ ಮುನೀರಾ ಹುಕ್ಕೇರಿ ತಾಲೂಕು ದಾಟಿದಳು. ಘಟಪ್ರಭಾ ಹೊಳೆ ತುಂಬಿ ಹರಿಯುತ್ತಿತ್ತು, ಬಸ್ಸಿನವರೆಲ್ಲ ಕಿಟಕಿಗೆ ಮುಗಿಬಿದ್ದರು. ಅವಳು ಮುಂದಿನ ಸೀಟಿನ ಸರಳು ಹಿಡಿದು ಕೂತವಳು ಕತ್ತು ತಿರುಗಿಸಲಿಲ್ಲ.

ಕೊಣ್ಣೂರಿನ ಮನೆ ಜಿನ್ನವ್ವ ಹೇಳಿದ್ದಕ್ಕಿಂತ ಸಣ್ಣದಿತ್ತು. ಬೀಗಿತ್ತಿ ಅಳುತ್ತ ಬಂದು ತಬ್ಬಿಕೊಂಡಳು. ಕಾಲು ತೊಳೆಯಲು ನೀರು ಎಲ್ಲಿದೆ ಎಂದು ಮಗಳ ಮನೆಯಲ್ಲಿ ಮುನೀರಾ ಕೇಳಬೇಕಾಯಿತು. ಕೂಸನ್ನು ಕೈಗೆ ಕೊಟ್ಟರು. ಬೆಕ್ಕಿನ ಮರಿಯಷ್ಟಿತ್ತು. ಅದನ್ನು ಎದೆಗೆ ಹಚ್ಚಿಕೊಂಡೇ ಅವಳು ಅಡಿಗೆಮನೆಗೆ ಹೋದಳು. ಒಂದೊಂದೇ ಡಬ್ಬಿ ತೆಗೆದು ಮೂಸಿ ಇಟ್ಟಳು. ಮೂಲೆಯಲ್ಲಿ ಗೋಡೆಯ ಮೇಲೆ ಇದ್ದಿಲಿನ ಗೀಟುಗಳಿದ್ದವು. ತವರಿಗೆ ಹೊರಡುವ ಶುಕ್ರವಾರಕ್ಕೆ ಎಷ್ಟು ದಿನ ಉಳಿದವು ಎಂದು ರುಬೀನಾ ದಿನಕ್ಕೊಂದು ಹೊಡೆದುಹಾಕುತ್ತಿದ್ದಳಂತೆ. ಬೀಗಿತ್ತಿ ಹಾಗೆ ಹೇಳಿದಾಗ ಮುನೀರಾ ಆ ಗೋಡೆಗೆ ಹಣೆ ಹಚ್ಚಿ ಮೊದಲ ಸಲ ದನಿ ತೆಗೆದು ಅತ್ತಳು. ನಾನು ಹೊರಗೆ ಬಂದು ಇಮ್ತಿಯಾಜನ ಟಂಟಂ ಬಳಿ ನಿಂತೆ.

ಐದು ಗಂಟೆಯೊಳಗೆ ಹಾಜರಿ ಕೊಡಬೇಕಿತ್ತು. ಕೂಸನ್ನು ಬೀಗಿತ್ತಿಗೆ ಒಪ್ಪಿಸಿ, ಮುಖ ತೊಳೆದುಕೊಂಡು ಹೊರಟಳು. ಮಕ್ತುಮಸಾಬ, ನಾನು ಜೊತೆಗೆ. ಠಾಣೆಯಲ್ಲಿದ್ದ ಜಮಾದಾರ ನಡುವಯಸ್ಸಿನವನು, ನಮ್ಮನ್ನು ಕೂರಿಸಿದ. ಅಪ್ಪಣೆಯ ಕಾಗದವನ್ನು ಬೆರಳಿಟ್ಟು ಸಾವಕಾಶ ಓದಿದ. ರಿಜಿಸ್ಟರಿನಲ್ಲಿ ಬಂದ ಕಾರಣದ ಕಾಲಮ್ಮಿಗೆ ಅದರಲ್ಲಿದ್ದದ್ದನ್ನೇ ಇಳಿಸಿದ. ಆಮೇಲೆ ಪೆನ್ನು ಕೆಳಗಿಟ್ಟು, ಕಾಯಿಲೆಯವರ ಮನೆಯವರನ್ನು ಯಾರಾದರೂ ಮಾತಾಡಿಸುವ ಹಾಗೆ ಮಾತಾಡಿಸಿದ.

‘ಹೆಂಗದಾಳ್ರಿ ಬಾಯಾರ, ಮಗಳು? ಈಗ ಆರಾಮೇನ್ರಿ?’

ಮಕ್ತುಮಸಾಬ ಗೋಡೆಯ ಕಡೆ ತಿರುಗಿದ. ನಾನು ಬಾಯಿ ತೆರೆದೆ. ಜೀವಮಾನವಿಡೀ ಇನ್ನೊಬ್ಬರ ಪರವಾಗಿ ಮಾತು ಜೋಡಿಸಿದ ನನಗೆ ಒಂದು ಮಾತೂ ಬರಲಿಲ್ಲ.

ಮುನೀರಾ ಸೆರಗು ಸರಿಮಾಡಿಕೊಂಡು ಅವನನ್ನು ನೋಡಿದಳು. ‘ಆರಾಮ ಅದಾಳ್ರಿ ಸಾಹೇಬರ.’

‘ಉಣ್ಣಾಕತ್ತಾಳೇನ್ರಿ?’

‘ಹೂಂನ್ರಿ. ಉಣ್ಣಾಕತ್ತಾಳ.’

ಛಲೋ ಆತು ಬಿಡ್ರಿ ಎಂದು ಅವನು ಸಿಕ್ಕಾ ಒತ್ತಿದ. ನಾಳೆ, ನಾಡಿದ್ದು ಇದೇ ಹೊತ್ತಿಗೆ ಬಂದು ಸಹಿ ಮಾಡಿ ಹೋಗಬೇಕು ಎಂದ. ಮುನೀರಾ ಬರುತ್ತೇನೆ ಎಂದಳು.